ಕೌಟುಂಬಿಕ ವ್ಯಾಜ್ಯಕ್ಕೆ ವಕೀಲರು: ಅವರು ಮಾಡುವ ಕೆಲಸವೇನು, ಆರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಚ್ಛೇದನ, ಜೀವನಾಂಶ, ಮಕ್ಕಳ ಸುಪರ್ದಿ, ಕೌಟುಂಬಿಕ ಹಿಂಸೆ ಇಂಥ ವಿಷಯಗಳಿಗೆ ಮೊದಲ ಬಾರಿ ವಕೀಲರ ಬಳಿ ಹೊರಟವರಿಗಾಗಿ ಈ ಉತ್ತರಗಳು. ಕಾನೂನು ಭಾರತದ್ದು, ರೂಢಿ ಕರ್ನಾಟಕದ ಕೋರ್ಟುಗಳದ್ದು.

ಫ್ಯಾಮಿಲಿ ಕೋರ್ಟ್ ವಕೀಲರು ಎಂದರೆ ಡೈವೋರ್ಸ್ ಮಾಡಿಸುವವರು ಅಷ್ಟೇನಾ?

ಅಲ್ಲ. ವಿಚ್ಛೇದನ ಅವರ ಕೆಲಸದ ಒಂದು ಭಾಗ ಮಾತ್ರ. ಬಿಟ್ಟುಹೋದ ಸಂಗಾತಿ ಮರಳಿ ಬಂದು ಸಂಸಾರ ಮಾಡಲಿ ಎಂದು ಕೇಳುವ ಅರ್ಜಿ, ವಿಚ್ಛೇದನವಿಲ್ಲದೆ ಪ್ರತ್ಯೇಕವಾಗಿರಲು ಕೇಳುವ ಅರ್ಜಿ, ಮದುವೆಯೇ ಅಸಿಂಧು ಎಂದು ಘೋಷಿಸಲು ಕೇಳುವ ಅರ್ಜಿ, ಹೆಂಡತಿ, ಮಕ್ಕಳು ಮತ್ತು ವಯಸ್ಸಾದ ತಂದೆತಾಯಿಯ ಜೀವನಾಂಶ, ಮಕ್ಕಳ ಸುಪರ್ದಿ ಮತ್ತು ಭೇಟಿ, ಸ್ತ್ರೀಧನ (ಹೆಣ್ಣಿಗೆ ಉಡುಗೊರೆಯಾಗಿ ಬಂದ ಒಡವೆ, ಹಣ) ವಾಪಸಾತಿ ಎಲ್ಲವೂ ಅವರ ಕೆಲಸವೇ. ದತ್ತು ಮತ್ತು ಪೋಷಕತ್ವದ ಕಾಗದಪತ್ರಗಳನ್ನೂ ನೋಡುತ್ತಾರೆ.

ಯಾವ ಕಾನೂನು ಅನ್ವಯಿಸುತ್ತದೆ ಎಂಬುದು ಮದುವೆ ಹೇಗೆ ಆಯಿತು ಎಂಬುದರ ಮೇಲೆ ನಿಂತಿದೆ. ಹಿಂದೂ, ಬೌದ್ಧ, ಜೈನ, ಸಿಖ್ ವಿವಾಹಗಳಿಗೆ 1955ರ ಹಿಂದೂ ವಿವಾಹ ಕಾಯ್ದೆ, ರಿಜಿಸ್ಟ್ರಾರ್ ಮುಂದೆ ಆದ ಅಂತರ್ಧರ್ಮೀಯ ಮದುವೆಗಳಿಗೆ 1954ರ ವಿಶೇಷ ವಿವಾಹ ಕಾಯ್ದೆ, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ಮುಸ್ಲಿಂ ಮಹಿಳೆ ಕೋರ್ಟಿನ ಮೂಲಕ ವಿಚ್ಛೇದನ ಪಡೆಯಲು 1939ರ ಕಾಯ್ದೆ ಇದೆ. ನಿಮ್ಮ ಮದುವೆಗೆ ಹೊಂದುವ ಕಾಯ್ದೆಯಲ್ಲಿ ಕೇಸು ನಡೆಸಿದವರೇ ಬೇಕು. ಹಿಂದೂ ವಿವಾಹ ಕಾಯ್ದೆಯಲ್ಲಿ ಪಳಗಿದವರೆಲ್ಲರಿಗೂ ಉಳಿದವು ಕೈವಶವಾಗಿರುತ್ತವೆ ಎಂದು ಭಾವಿಸಬೇಡಿ.

ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರು ಇರಲೇಬೇಕೆ?

ಕಡ್ಡಾಯವಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಂ ಪ್ರಕಾರ ವಕೀಲರ ಮೂಲಕ ವಾದಿಸುವುದು ಇಲ್ಲಿ ಹಕ್ಕೇ ಅಲ್ಲ, ಕೋರ್ಟು ಅನುಮತಿ ಕೊಡಬೇಕು. ವಾಸ್ತವದಲ್ಲಿ ಅನುಮತಿ ಸಿಗುತ್ತದೆ, ಬಹುತೇಕ ಎಲ್ಲರೂ ವಕೀಲರನ್ನು ಇಟ್ಟುಕೊಳ್ಳುತ್ತಾರೆ. ಜೀವನಾಂಶದ ಸರಳ ಅರ್ಜಿಯನ್ನು ಸ್ವತಃ ನಡೆಸಿದವರಿದ್ದಾರೆ. ಆದರೆ ಎದುರು ಪಕ್ಷ ತಕರಾರು ಹಾಕಿ, ಪಾಟೀ ಸವಾಲಿನ (ಎದುರು ಪಕ್ಷದವರು ಸಾಕ್ಷಿಯನ್ನು ಪ್ರಶ್ನಿಸುವ) ಹಂತಕ್ಕೆ ಬಂದರೆ ಒಬ್ಬರೇ ನಿಭಾಯಿಸುವುದು ಕಷ್ಟ.

ವಕೀಲರಿದ್ದರೂ ಆಪ್ತಸಮಾಲೋಚನೆ, ಮಧ್ಯಸ್ಥಿಕೆ, ನಿಮ್ಮ ಸಾಕ್ಷ್ಯ ಇವಕ್ಕೆ ನೀವೇ ಹಾಜರಿರಬೇಕು. "ನೀವು ಒಮ್ಮೆಯೂ ಬರಬೇಕಾಗಿಲ್ಲ, ಎಲ್ಲ ನಾನು ನೋಡ್ಕೋತೀನಿ" ಎನ್ನುವ ವಕೀಲರಿಗೆ ಈ ಕೋರ್ಟಿನ ಪದ್ಧತಿ ಗೊತ್ತಿಲ್ಲ, ಇಲ್ಲವೇ ನಿಮಗೆ ನಿಜ ಹೇಳುತ್ತಿಲ್ಲ.

ಎಲ್ಲವೂ ಒಂದೇ ಕೋರ್ಟಿನಲ್ಲಿ ನಡೆಯುತ್ತದೆಯೇ?

ಇಲ್ಲ, ಖರ್ಚು ಮತ್ತು ಅಲೆದಾಟ ಹೆಚ್ಚುವುದೇ ಇಲ್ಲಿ. ವಿಚ್ಛೇದನ, ಜೀವನಾಂಶ, ಸುಪರ್ದಿ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗುತ್ತವೆ. ಆ ನ್ಯಾಯಾಲಯ ಇಲ್ಲದ ಕಡೆ ವಿಚ್ಛೇದನದ ಅರ್ಜಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಬರುತ್ತದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಅರ್ಜಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ. ವರದಕ್ಷಿಣೆ ಕಿರುಕುಳದ ದೂರು ಪೊಲೀಸ್ ಠಾಣೆಯಿಂದ ಶುರುವಾಗಿ ಕ್ರಿಮಿನಲ್ ಕೋರ್ಟಿಗೆ ಹೋಗುತ್ತದೆ. ಭಾರತೀಯ ದಂಡ ಸಂಹಿತೆಯ ಹಳೆಯ 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಾಗಿದೆ. ತವರಿನ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಪಾಲು ಕೇಳುವ ವಿಭಾಗ ದಾವೆ ಸಿವಿಲ್ ಕೋರ್ಟಿನದು, ಅದಕ್ಕೆ ಆಸ್ತಿ ದಾವೆ ನಡೆಸುವ ವಕೀಲರು ಬೇಕು.

ಒಂದೇ ಜಗಳಕ್ಕೆ ಮೂರು ನಾಲ್ಕು ಕೇಸು ಹಾಕಿಸುವುದು ಕೆಲವರ ರೂಢಿ. ಪ್ರತಿ ಕೇಸಿಗೂ ಬೇರೆ ವಾಯಿದೆ (ವಿಚಾರಣೆಯ ದಿನ), ಬೇರೆ ಖರ್ಚು. ಕೌಟುಂಬಿಕ ಹಿಂಸೆ ಕಾಯ್ದೆಯ ಪರಿಹಾರಗಳನ್ನು 26ನೇ ಕಲಂ ಮೂಲಕ, ನಡೆಯುತ್ತಿರುವ ಕೌಟುಂಬಿಕ ಕೇಸಿನಲ್ಲೇ ಕೇಳಲು ಅವಕಾಶವಿದೆ. ಪ್ರತ್ಯೇಕ ಅರ್ಜಿ ಯಾಕೆ ಬೇಕು, ಅದರಿಂದ ಸಿಗುವ ಹೆಚ್ಚಿನ ಲಾಭವೇನು ಎಂದು ಕೇಳಿ. ಸ್ಪಷ್ಟ ಉತ್ತರ ಬಂದರೆ ಮಾತ್ರ ಸಹಿ ಹಾಕಿ.

ಒಳ್ಳೆಯ ವಕೀಲರ ಕೆಲಸ ಯಾವುದರಲ್ಲಿ ಕಾಣುತ್ತದೆ?

ಕೋರ್ಟಿನಲ್ಲಿ ಎತ್ತಿದ ದನಿಯಲ್ಲಿ ಅಲ್ಲ, ಅರ್ಜಿಯ ಕರಡಿನಲ್ಲಿ. ಅರ್ಜಿಯಲ್ಲಿ ಬರೆಯದ ಸಂಗತಿಯನ್ನು ಮುಂದೆ ಸಾಕ್ಷ್ಯದಲ್ಲಿ ತಂದರೆ ಎದುರು ವಕೀಲರು ಎದ್ದು ಆಕ್ಷೇಪಿಸುತ್ತಾರೆ, ಕೋರ್ಟು ಅದಕ್ಕೆ ತೂಕ ಕೊಡುವುದು ಕಡಿಮೆ. ವಿಚಾರಣೆ ಶುರುವಾದ ಮೇಲೆ ತಿದ್ದುಪಡಿ ಸುಲಭವಾಗಿ ಸಿಗುವುದಿಲ್ಲ.

ನೂರಾರು ಅರ್ಜಿಗಳಲ್ಲಿ ಈ ಸಾಲು ಇರುತ್ತದೆ: "ಎದುರುದಾರರು ಮದುವೆಯಾದ ದಿನದಿಂದಲೂ ಮಾನಸಿಕ ಹಾಗೂ ದೈಹಿಕ ಹಿಂಸೆ ನೀಡುತ್ತಾ ಬಂದಿರುತ್ತಾರೆ." ಪಾಟೀ ಸವಾಲಿನಲ್ಲಿ ಈ ಸಾಲು ನಿಲ್ಲುವುದಿಲ್ಲ. ಯಾವ ದಿನ? ಯಾರಿದ್ದರು? ಆಸ್ಪತ್ರೆಗೆ ಹೋದಿರಾ? ಅಂದು ಯಾರಿಗೆ ಫೋನ್ ಮಾಡಿದಿರಿ? ಈ ನಾಲ್ಕು ಪ್ರಶ್ನೆಗೆ ಅರ್ಜಿಯಲ್ಲಿ ಉತ್ತರವಿಲ್ಲದಿದ್ದರೆ, ಕಟಕಟೆಯಲ್ಲಿ ಕೊಡುವ ಉತ್ತರ ಆಮೇಲೆ ಹೊಸೆದ ಕಥೆಯ ಹಾಗೆ ಕೇಳಿಸುತ್ತದೆ. ಅದೇ ಸಂಗತಿಯನ್ನು ಹೀಗೆ ಬರೆದಿದ್ದರೆ: "2023ರ ಯುಗಾದಿಯ ಮರುದಿನ ರಾತ್ರಿ ಅಡುಗೆಮನೆಯಲ್ಲಿ, ಅತ್ತೆಯವರ ಎದುರಿನಲ್ಲೇ, ಎದುರುದಾರರು ಅರ್ಜಿದಾರಳ ಬಲಗೈ ತಿರುಚಿದರು. ಮರುದಿನ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಪಡೆದ ಹೊರರೋಗಿ ಚೀಟಿಯನ್ನು ಲಗತ್ತಿಸಿದೆ." ಇಂಥ ಮೂರು ಘಟನೆ ಸಾಕು. ಆರೋಪಗಳ ಹತ್ತು ಪುಟಕ್ಕಿಂತ ಇವುಗಳ ತೂಕ ಹೆಚ್ಚು.

ಅತಿರೇಕಕ್ಕೆ ಇನ್ನೊಂದು ಅಪಾಯವೂ ಇದೆ. ಸಂಗಾತಿಯ ಶೀಲದ ಮೇಲೆ ಆಧಾರವಿಲ್ಲದೆ ಅರ್ಜಿಯಲ್ಲೋ ತಕರಾರಿನಲ್ಲೋ ಬರೆದ ಆರೋಪವೇ ಮಾನಸಿಕ ಕ್ರೌರ್ಯ ಎಂದು ಸುಪ್ರೀಂ ಕೋರ್ಟ್ ಹೇಳಿದೆ. "ಸ್ವಲ್ಪ ಜೋರಾಗಿ ಬರೆಯೋಣ, ಆಮೇಲೆ ನೋಡಿಕೊಳ್ಳೋಣ" ಎನ್ನುವ ಸಲಹೆ ನಿಮಗೇ ತಿರುಗಿಬೀಳುತ್ತದೆ.

ಹಾಗಾಗಿ ಕರಡನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಓದಿಸಿಕೊಳ್ಳಿ. ಅರ್ಜಿ ಇಂಗ್ಲಿಷಿನಲ್ಲಿದ್ದರೆ ಸಾಲು ಸಾಲಾಗಿ ಕನ್ನಡದಲ್ಲಿ ವಿವರಿಸಲು ಕೇಳಿ. ನಾಳೆ ಕಟಕಟೆಯಲ್ಲಿ "ಈ ಅರ್ಜಿಯನ್ನು ಓದಿ ಸಹಿ ಮಾಡಿದ್ದೀರಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಇಬ್ಬರಿಗೂ ಒಬ್ಬರೇ ವಕೀಲರು ಸಾಕಲ್ಲವೇ?

ಜಂಟಿ ಅರ್ಜಿಯಾದ್ದರಿಂದ ಒಬ್ಬರಿಂದಲೇ ಮಾಡಿಸುವ ರೂಢಿ ಇದೆ. ಆದರೆ ಒಪ್ಪಂದ ಬರೆಯುವ ವಕೀಲರು ಯಾರ ಪರವಾಗಿ ಮೊದಲು ಸಲಹೆ ಕೊಟ್ಟಿದ್ದರೋ ಅವರ ಹಿತದ ಕಡೆಗೇ ಕಣ್ಣಿಟ್ಟಿರುತ್ತಾರೆ. ಇನ್ನೊಬ್ಬರು ಸಹಿಗೆ ಮೊದಲು ಒಂದು ಬಾರಿಯಾದರೂ ತಮ್ಮದೇ ವಕೀಲರಿಗೆ ಆ ಕಾಗದ ತೋರಿಸಬೇಕು. ಒಂದು ಗಂಟೆಯ ಸಲಹೆಯ ಹಣ ಉಳಿಸಲು ಹೋಗಿ ವರ್ಷಗಟ್ಟಲೆ ಕೋರ್ಟು ಹತ್ತುವವರು ಇದ್ದಾರೆ.

ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಳೆದು, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಕೋರ್ಟಿನ ಮುಂದೆ ಬಂದು ಒಪ್ಪಿಗೆ ದೃಢಪಡಿಸಬೇಕು. ಆರು ತಿಂಗಳ ಕಾಯುವಿಕೆ ಕಡ್ಡಾಯವಲ್ಲ, ಸೂಕ್ತ ಪ್ರಕರಣದಲ್ಲಿ ಕೋರ್ಟು ಅದನ್ನು ಬಿಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೇರೆಯಾಗಿ ಒಂದೂವರೆ ವರ್ಷ ಆಗಲೇ ಕಳೆದಿರಬೇಕು, ರಾಜಿಯ ಪ್ರಯತ್ನ ವಿಫಲವಾಗಿರಬೇಕು, ಜೀವನಾಂಶ ಮತ್ತು ಮಕ್ಕಳ ವಿಷಯ ತೀರ್ಮಾನವಾಗಿರಬೇಕು. ಇವಿಲ್ಲದೆ "ಒಂದು ತಿಂಗಳಲ್ಲಿ ಮಾಡಿಸಿಕೊಡುತ್ತೇನೆ" ಎಂಬ ಮಾತಿಗೆ ಆಧಾರವಿಲ್ಲ. ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಆಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂದೆ ಪಡೆಯಬಹುದು ಎಂಬುದನ್ನೂ ಮರೆಯಬೇಡಿ.

ಕೇಸು ಕೆಡುವುದು ಹೆಚ್ಚಾಗಿ ಒಪ್ಪಂದದ ಷರತ್ತುಗಳಲ್ಲಿ. "ಶಾಶ್ವತ ಜೀವನಾಂಶವಾಗಿ ಇಷ್ಟು ಕೊಡತಕ್ಕದ್ದು" ಎಂದರೆ ಸಾಲದು. ಯಾವ ದಿನ, ಡಿಡಿಯೋ ಬ್ಯಾಂಕ್ ವರ್ಗಾವಣೆಯೋ, ಎಷ್ಟು ಕಂತು, ಕಂತು ತಪ್ಪಿದರೆ ಏನು ಎಂಬುದೆಲ್ಲ ಬರಬೇಕು. ಹಣ ಪಡೆಯುವವರು ಕೊನೆಯ ಕಂತನ್ನು ಒಪ್ಪಿಗೆ ದೃಢಪಡಿಸುವ ಎರಡನೇ ಹೇಳಿಕೆಯ ದಿನಕ್ಕೆ ಕಟ್ಟಿಡುವುದು ಕ್ಷೇಮ. ಒಡವೆಯನ್ನು ಗ್ರಾಂ ಲೆಕ್ಕದಲ್ಲಿ, ಒಂದೊಂದಾಗಿ ಪಟ್ಟಿ ಮಾಡಿ, ಒಪ್ಪಿಸಿದ ದಿನಾಂಕಕ್ಕೆ ಇಬ್ಬರ ಸಹಿ ಇರಲಿ.

ಜಂಟಿ ಗೃಹಸಾಲ ಇದ್ದರೆ ಎಚ್ಚರ. "ಸಾಲವನ್ನು ಗಂಡನೇ ತೀರಿಸತಕ್ಕದ್ದು" ಎಂದು ನಿಮ್ಮಿಬ್ಬರ ನಡುವೆ ಬರೆದುಕೊಂಡರೆ ಬ್ಯಾಂಕಿಗೆ ಅದು ಕಟ್ಟುಪಾಡಲ್ಲ. ಬ್ಯಾಂಕು ನಿಮ್ಮ ಹೆಸರು ತೆಗೆಯುವ ತನಕ ನೀವೂ ಸಾಲಗಾರರೇ, ಕಂತು ತಪ್ಪಿದರೆ ನಿಮ್ಮ ಸಿಬಿಲ್ ಅಂಕವೂ (ಸಾಲ ತೀರಿಸಿದ ದಾಖಲೆಯ ಅಂಕ) ಕುಸಿಯುತ್ತದೆ.

ವರದಕ್ಷಿಣೆ ಕಿರುಕುಳದ ಕ್ರಿಮಿನಲ್ ಕೇಸು ನಡೆಯುತ್ತಿದ್ದರೆ "ಹೆಂಡತಿ ಕೇಸು ವಾಪಸ್ ಪಡೆಯತಕ್ಕದ್ದು" ಎಂಬ ಸಾಲಿನಿಂದ ಅದು ಮುಗಿಯುವುದಿಲ್ಲ. ಅದು ರಾಜಿಯಾಗಬಲ್ಲ ಅಪರಾಧವಲ್ಲ. ಹೈಕೋರ್ಟಿಗೆ ಅರ್ಜಿ ಹಾಕಿ, ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 482ನೇ ಕಲಂ ಆಗಿದ್ದ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಂ ಆಗಿರುವ ಅಧಿಕಾರದಡಿ ರದ್ದುಪಡಿಸಿಕೊಳ್ಳಬೇಕು. ಹಾಗಾಗಿ ಆ ಅರ್ಜಿಗೆ ಹೆಂಡತಿ ಯಾವಾಗ ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕು, ಆ ಖರ್ಚು ಯಾರದು ಎಂಬುದು ಒಪ್ಪಂದದಲ್ಲೇ ಬರಲಿ.

ಜೀವನಾಂಶದ ಕೇಸಿನಲ್ಲಿ ವಕೀಲರು ಏನು ಮಾಡಬೇಕು?

ಆದಾಯವನ್ನು ಕಾಗದದಲ್ಲಿ ಹಿಡಿದು ತೋರಿಸಬೇಕು, ಅಷ್ಟೇ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ ಇಬ್ಬರೂ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಕೃಷಿ ಆದಾಯದವರಿಗೆ ಬೇರೆ ನಮೂನೆ ಇದೆ. ಎದುರು ಪಕ್ಷ ಹೆಚ್ಚೆಂದರೆ ನಾಲ್ಕು ವಾರದಲ್ಲಿ ಉತ್ತರದ ಜೊತೆ ಇದನ್ನು ಕೊಡಬೇಕು. ಅರ್ಜಿ ಹಾಕಿದ ದಿನದಿಂದ ಜೀವನಾಂಶ ಲೆಕ್ಕವಾಗಬೇಕು ಎಂಬುದೂ ಅದೇ ತೀರ್ಪಿನ ಮಾತು. ಈ ಪ್ರಮಾಣಪತ್ರದ ಹೆಸರೆತ್ತದೆ ಜೀವನಾಂಶದ ಬಗ್ಗೆ ಮಾತಾಡುವ ವಕೀಲರ ಬಗ್ಗೆ ಯೋಚಿಸಿ ನೋಡಿ.

ಸುಳ್ಳು ಬಯಲಾಗುವುದೂ ಇದರಲ್ಲೇ. "ಕೆಲಸ ಹೋಗಿದೆ" ಎಂದು ಬರೆದವರ ಬ್ಯಾಂಕ್ ವಿವರದಲ್ಲಿ ತಿಂಗಳು ತಿಂಗಳು ಒಂದೇ ಮೊತ್ತ ಜಮಾ ಆಗಿರುತ್ತದೆ. "ಆದಾಯವೇ ಇಲ್ಲ" ಎಂದವರು ಕಾರಿನ ಕಂತು ಕಟ್ಟುತ್ತಿರುತ್ತಾರೆ. ವಕೀಲರು ಕನಿಷ್ಠ ಮೂರು ವರ್ಷದ ಆದಾಯ ತೆರಿಗೆ ವಿವರ, ಎಲ್ಲ ಖಾತೆಗಳ ವಿವರ, ಪಹಣಿ ಮುಂತಾದವನ್ನು ಹಾಜರುಪಡಿಸಲು ಕೋರ್ಟನ್ನು ಕೇಳಬೇಕು. ಕೇಳುವವರ ಕಡೆಯವರೂ ತಮ್ಮ ಸಂಬಳವನ್ನು ಮುಚ್ಚಿಡಬಾರದು. ಒಂದು ಕೇಸಿನಲ್ಲಿ ಜೀವನಾಂಶ ಸಿಕ್ಕಿದ್ದರೆ ಇನ್ನೊಂದರಲ್ಲಿ ಅದನ್ನು ತಿಳಿಸಲೇಬೇಕು.

ಆದೇಶ ಬಂದ ಮೇಲೂ ಹಣ ಬರದಿದ್ದರೆ ವಸೂಲಿಗೆ ಬೇರೆ ಅರ್ಜಿ ಹಾಕಬೇಕು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆದೇಶದ ಬಾಕಿಗೆ ವಾರಂಟ್ ಕೇಳಲು, ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. "ಒಟ್ಟಿಗೆ ಕೇಳೋಣ" ಎಂದು ಎರಡು ವರ್ಷ ಕಾದು ಹಳೆಯ ಬಾಕಿಯನ್ನು ಕಷ್ಟಕ್ಕೆ ಸಿಕ್ಕಿಸಿಕೊಂಡವರು ಬಹಳ. ಪ್ರತಿ ಆರು ತಿಂಗಳಿಗೊಮ್ಮೆ ವಸೂಲಿ ಅರ್ಜಿ ಹಾಕುವ ವಕೀಲರು ಒಳ್ಳೆಯ ವಕೀಲರು.

ಮಕ್ಕಳು ಯಾರ ಬಳಿ ಇರಬೇಕೆಂದು ವಕೀಲರು ಖಚಿತವಾಗಿ ಹೇಳಬಲ್ಲರೇ?

ಹೇಳಲಾರರು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ. ಅದರಾಚೆಗೆ ಮಗುವಿನ ಕ್ಷೇಮವೇ ಅಳತೆಗೋಲು: ದಿನವೂ ಶಾಲೆಗೆ ಕಳಿಸುವವರು ಯಾರು, ಜ್ವರ ಬಂದರೆ ವೈದ್ಯರ ಬಳಿ ಕರೆದೊಯ್ಯುವವರು ಯಾರು, ಮನೆಯಲ್ಲಿ ಇನ್ನು ಯಾರಿದ್ದಾರೆ. ತಿಳಿವಳಿಕೆ ಬಂದ ಮಗುವನ್ನು ನ್ಯಾಯಾಧೀಶರು ಕೊಠಡಿಯಲ್ಲಿ ಕರೆದು ಮಾತಾಡಿಸುತ್ತಾರೆ. ಮಗುವಿಗೆ ಉತ್ತರ ಹೇಳಿಕೊಟ್ಟಿದ್ದರೆ ಅದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ, ಕಲಿಸಿದವರಿಗೇ ತೊಂದರೆ. ಸುಪರ್ದಿ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿನಲ್ಲೇ ಹಾಕಬೇಕು.

ಭೇಟಿಯ ಆದೇಶದಲ್ಲಿ "ವಾರಾಂತ್ಯದಲ್ಲಿ ಭೇಟಿ" ಎಂದಷ್ಟೇ ಇದ್ದರೆ ಪ್ರತಿ ಶನಿವಾರ ಜಗಳ. ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಎಲ್ಲಿ ಕರೆದುಕೊಂಡು ಎಲ್ಲಿ ಬಿಡಬೇಕು, ದಸರಾ ಮತ್ತು ಬೇಸಿಗೆ ರಜೆ ಹೇಗೆ ಹಂಚಿಕೆ, ಪರೀಕ್ಷೆಯ ವಾರ ಏನು, ಪಾಸ್‌ಪೋರ್ಟ್ ಯಾರ ಬಳಿ, ವಿಡಿಯೊ ಕರೆ ಯಾವ ಹೊತ್ತಿಗೆ ಎಂಬುದನ್ನು ನಿಮ್ಮ ವಕೀಲರು ಕೇಳಿ ಬರೆಸಬೇಕು.

ಮನೆಯಲ್ಲಿ ಹಿಂಸೆ ನಡೆಯುತ್ತಿದೆ. ಮೊದಲು ವಕೀಲರ ಬಳಿಗೇ ಹೋಗಬೇಕೆ?

ಬೇಡ. ಜೀವಕ್ಕೆ ಅಪಾಯವಿದ್ದರೆ 112ಕ್ಕೆ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಕೌಟುಂಬಿಕ ಹಿಂಸೆ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ಅವರು ಕೌಟುಂಬಿಕ ಘಟನಾ ವರದಿ ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸಬಲ್ಲರು, ಇದಕ್ಕೆ ವಕೀಲರು ಬೇಕಿಲ್ಲ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು ಎಂದು ಕಾಯ್ದೆ ಹೇಳುತ್ತದೆ. ಗಾಯಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಚೀಟಿ ಇಟ್ಟುಕೊಳ್ಳಿ.

ವಾಸದ ಹಕ್ಕಿನ ಆದೇಶ, ಮಧ್ಯಂತರ ರಕ್ಷಣೆ, ಹಣದ ಪರಿಹಾರ ಇವನ್ನು ಸರಿಯಾಗಿ ಕೇಳಿ ಪಡೆಯುವಾಗ ವಕೀಲರು ಬೇಕಾಗುತ್ತಾರೆ.

ವಕೀಲರನ್ನು ಎಲ್ಲಿ ಹುಡುಕಬೇಕು?

ವಕೀಲರು ಜಾಹೀರಾತು ಕೊಡುವಂತಿಲ್ಲ, ಅದು ಭಾರತೀಯ ವಕೀಲರ ಪರಿಷತ್ತಿನ ನಿಯಮ. "ನಂಬರ್ ಒನ್ ಡೈವೋರ್ಸ್ ಲಾಯರ್" ಎಂದು ಹಣ ಕೊಟ್ಟು ಪ್ರಚಾರ ಮಾಡಿಸಿಕೊಳ್ಳುವವರು ಮೊದಲ ಹೆಜ್ಜೆಯಲ್ಲೇ ನಿಯಮ ಮುರಿದಿರುತ್ತಾರೆ. ಕೋರ್ಟಿನ ಬಾಗಿಲಲ್ಲಿ ಕೈಹಿಡಿದು ಕರೆದೊಯ್ಯುವ ಮಧ್ಯವರ್ತಿಗಳಿಂದಲೂ ದೂರವಿರಿ.

ನಿಮಗೆ ಗೊತ್ತಿರುವ ಸಿವಿಲ್ ಅಥವಾ ಆಸ್ತಿ ವಕೀಲರನ್ನು "ನಿಮ್ಮ ಮನೆಯವರದೇ ಕೇಸಾದರೆ ಯಾರ ಬಳಿ ಕಳಿಸುತ್ತೀರಿ?" ಎಂದು ಕೇಳಿ, ಎರಡು ಮೂರು ಹೆಸರು ಸಿಗುತ್ತವೆ. ಇನ್ನೊಂದು ದಾರಿ, ಒಂದು ಬೆಳಿಗ್ಗೆ ಕೋರ್ಟಿಗೇ ಹೋಗುವುದು. ಕುಟುಂಬದ ಕೇಸು ಗೋಪ್ಯವಾಗಿ ನಡೆಯುವುದರಿಂದ ಒಳಗೆ ಕೂರಲು ಬಿಡದಿರಬಹುದು. ಹೊರಗೆ ಕಾರಿಡಾರಿನಲ್ಲೇ ನೋಡಿ: ಕಕ್ಷಿದಾರರ ಜೊತೆ ಕೂತು ಫೈಲು ಬಿಚ್ಚಿ ಮಾತಾಡುವವರು ಯಾರು, ಕೇಸು ಕರೆದಾಗ ಹೆಸರೂ ಗೊತ್ತಿಲ್ಲದೆ ಓಡುವವರು ಯಾರು ಎಂದು ಅರ್ಧ ದಿನದಲ್ಲಿ ತಿಳಿಯುತ್ತದೆ.

ನೆಂಟರಾದ ವಕೀಲರ ಬಗ್ಗೆ ಒಂದು ಮಾತು. ಶುಲ್ಕ ಕಡಿಮೆಯಾದೀತು, ಆದರೆ ನಿಮ್ಮ ದಾಂಪತ್ಯದ ವಿವರ ಮನೆತನದೊಳಗೆ ಹೋಗುತ್ತದೆ. ಇಷ್ಟವಾಗದಿದ್ದರೆ ಬದಲಿಸುವುದೂ ಕಷ್ಟ. ನಮ್ಮ ಸಲಹೆ, ಬೇಡ.

ಮೊದಲ ಭೇಟಿಗೆ ಏನೇನು ಒಯ್ಯಬೇಕು?

ಮದುವೆಯ ನೋಂದಣಿ ಪತ್ರ, ಇಲ್ಲದಿದ್ದರೆ ಲಗ್ನಪತ್ರಿಕೆ ಮತ್ತು ಫೋಟೊ. ಇಬ್ಬರ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಸಂಬಳ ಚೀಟಿ, ಒಂದು ವರ್ಷದ ಬ್ಯಾಂಕ್ ವಿವರ, ಸಾಲದ ಕಾಗದ, ಆಸ್ಪತ್ರೆಯ ಚೀಟಿ, ಹಿಂದೆ ಕೊಟ್ಟ ದೂರುಗಳ ಪ್ರತಿ, ಬಂದ ನೋಟಿಸು. ಎಲ್ಲದರ ಜೆರಾಕ್ಸ್ ಮಾತ್ರ ಕೊಡಿ, ಅಸಲು ನಿಮ್ಮ ಬಳಿಯೇ ಇರಲಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಎರಡು ಪುಟದ ದಿನಾಂಕಪಟ್ಟಿ. ಮದುವೆ, ಮನೆ ಬದಲಾವಣೆ, ಮಗುವಿನ ಜನನ, ದೊಡ್ಡ ಜಗಳ, ಬೇರೆಯಾದ ದಿನ, ಕೊನೆಯ ಬಾರಿ ಒಟ್ಟಿಗೆ ಇದ್ದ ಊರು. ಕೊನೆಯದು ಯಾವ ಕೋರ್ಟಿಗೆ ಅಧಿಕಾರ ಎಂಬುದನ್ನು ತೀರ್ಮಾನಿಸಲು ಬೇಕು: ಮದುವೆಯಾದ ಊರು, ಎದುರುದಾರರ ಊರು, ಕೊನೆಗೆ ಒಟ್ಟಿಗಿದ್ದ ಊರು, ಹೆಂಡತಿ ಅರ್ಜಿದಾರಳಾದರೆ ಈಗ ಆಕೆ ಇರುವ ಊರು ಇಷ್ಟಕ್ಕೂ ಅವಕಾಶವಿದೆ. ನಿಮಗೆ ವಿರುದ್ಧವಾದ ಸಂಗತಿಯನ್ನೂ ಮುಚ್ಚಿಡದೆ ಹೇಳಿ. ನಿಮ್ಮ ವಕೀಲರಿಗೆ ಅದು ಎದುರು ಪಕ್ಷದ ತಕರಾರಿನಲ್ಲಿ ಮೊದಲ ಬಾರಿ ಕಾಣಬಾರದು.

ವಕೀಲರಿಗೆ ಏನು ಕೇಳಬೇಕು, ಯಾವ ಮಾತು ಕೇಳಿದರೆ ಎದ್ದು ಬರಬೇಕು?

ನನ್ನ ಕೇಸಿನ ದುರ್ಬಲ ಅಂಶ ಯಾವುದು? ಇದನ್ನೇ ಮೊದಲು ಕೇಳಿ. "ಏನೂ ಇಲ್ಲ, ಗೆದ್ದೇ ಗೆಲ್ಲುತ್ತೀರಿ" ಎಂದವರು ನಿಮ್ಮ ಕಾಗದ ಓದಿಲ್ಲ. ಆಮೇಲೆ, ವಾಯಿದೆಗೆ ನೀವೇ ಬರುತ್ತೀರಾ, ಜೂನಿಯರ್ ಬರುತ್ತಾರಾ? ಜೂನಿಯರ್ ಬರುವುದು ತಪ್ಪಲ್ಲ, ಅವರ ಹೆಸರು ಮತ್ತು ಫೋನ್ ನಂಬರ್ ಕೊಡಬೇಕು. ಪಾಟೀ ಸವಾಲು ಯಾರು ಮಾಡುತ್ತಾರೆ? ರಾಜಿಗೆ ದಾರಿ ಇದೆಯೇ, ಯಾವ ಹಂತದಲ್ಲಿ?

"ಜಡ್ಜ್ ನನಗೆ ಗೊತ್ತು" ಎಂದರೆ ಎದ್ದು ಬನ್ನಿ. ಖಾಲಿ ಹಾಳೆಗೆ ಸಹಿ ಕೇಳಿದರೆ, ಇಲ್ಲದ ಹಲ್ಲೆಯನ್ನು ಬರೆಯೋಣ ಎಂದರೆ, ಗಂಡನ ಊರಲ್ಲಿಲ್ಲದ ಅಕ್ಕತಂಗಿಯರನ್ನೆಲ್ಲ ಆರೋಪಿಗಳಾಗಿ ಸೇರಿಸೋಣ ಎಂದರೆ ಕೂಡ. ಮಧ್ಯಸ್ಥಿಕೆಯ ಮಾತೆತ್ತಿದರೆ ರೇಗುವವರೂ ಬೇಡ. ನ್ಯಾಯಾಲಯವೇ ಮೊದಲು ರಾಜಿಗೆ ಪ್ರಯತ್ನಿಸಬೇಕು ಎಂದು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ ಹೇಳುತ್ತದೆ. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಈ ಕೆಲಸವನ್ನೇ ಮಾಡುತ್ತಿದೆ.

ಶುಲ್ಕ ಹೇಗೆ ಮಾತಾಡಿಕೊಳ್ಳಬೇಕು?

ಒಟ್ಟು ಮೊತ್ತ, ಹಂತಕ್ಕೆ ಇಷ್ಟು, ಹಾಜರಿಗೆ ಇಷ್ಟು ಎಂದು ಮೂರು ರೀತಿ ಇವೆ. ನಮ್ಮ ಒಲವು ಹಂತದ ಲೆಕ್ಕಕ್ಕೆ: ಅರ್ಜಿ ಸಲ್ಲಿಕೆಗೆ ಒಂದು ಭಾಗ, ಮಧ್ಯಂತರ ಆದೇಶಕ್ಕೆ ಒಂದು, ಸಾಕ್ಷ್ಯ ಮುಗಿದಾಗ ಒಂದು, ವಾದಕ್ಕೆ ಕೊನೆಯದು. ಹಾಜರಿಗೆ ಇಷ್ಟು ಎಂದರೆ ವಾಯಿದೆ ಮುಂದೆ ಹೋದಾಗಲೂ ಹಣ ಕೊಡಬೇಕು. ಟೈಪಿಂಗ್, ಕೋರ್ಟ್ ಶುಲ್ಕ, ನೋಟಿಸ್ ಜಾರಿ, ದೃಢೀಕೃತ ನಕಲಿನ ಖರ್ಚು ಇದರೊಳಗಿದೆಯೇ ಎಂದು ಬಾಯಿಬಿಟ್ಟು ಕೇಳಿ, ವಾಟ್ಸ್ಆ್ಯಪ್ ಸಂದೇಶದಲ್ಲಾದರೂ ಬರೆಸಿಕೊಳ್ಳಿ. ಹಣವನ್ನು ಖಾತೆಗೆ ಹಾಕಿ, ನಗದಾದರೆ ರಸೀದಿ ಪಡೆಯಿರಿ.

ಬಂದ ಜೀವನಾಂಶದಲ್ಲಿ ಶೇಕಡಾವಾರು ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. "ಗೆದ್ದರೆ ಮಾತ್ರ ಕೊಡಿ" ಎಂಬುದೂ ನಿಷಿದ್ಧವೇ. ಸ್ವಂತ ಆದಾಯವಿಲ್ಲದವರು ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಅಡಿ ಜೀವನಾಂಶದ ಜೊತೆಗೆ ವ್ಯಾಜ್ಯದ ಖರ್ಚನ್ನೂ ಸಂಗಾತಿಯಿಂದ ಕೇಳಬಹುದು.

ಹಣವೇ ಇಲ್ಲದವರು?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ವಕೀಲರಿಗೆ ಅರ್ಹರು. ಉಳಿದವರಿಗೆ ಆದಾಯ ಮಿತಿ ಇದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ. ನೇಮಕವಾದ ವಕೀಲರು ಕೆಲಸ ಮಾಡದಿದ್ದರೆ ಅದೇ ಕಚೇರಿಗೆ ಬರಹದಲ್ಲಿ ತಿಳಿಸಿ ಬದಲಿ ಕೇಳಬಹುದು.

ಎದುರು ಪಕ್ಷದಿಂದ ನೋಟಿಸ್ ಬಂದಿದೆ. ತೆಗೆದುಕೊಳ್ಳದೆ ಬಿಟ್ಟರೆ?

ಬಿಡಬೇಡಿ. ನೀವು ಬಾರದಿದ್ದರೆ ಕೋರ್ಟು ಏಕಪಕ್ಷೀಯವಾಗಿ ಮುಂದುವರಿದು ಡಿಕ್ರಿ ಕೊಡುತ್ತದೆ. ಅದನ್ನು ತೆರವು ಮಾಡಿಸಲು ಸಿಗುವುದು 30 ದಿನ, ತಡವಾದರೆ ಪ್ರತಿ ದಿನಕ್ಕೂ ಕಾರಣ ಕೊಡಬೇಕು. ನೋಟಿಸಿನಲ್ಲಿ ಕೇಸಿನ ನಂಬರು, ಕೋರ್ಟಿನ ಹೆಸರು, ವಾಯಿದೆಯ ದಿನ ಇರುತ್ತದೆ. ಎಂ.ಸಿ. ಎಂದಿದ್ದರೆ ವಿವಾಹದ ಅರ್ಜಿ, ಕ್ರಿಮಿನಲ್ ಮಿಸಲೇನಿಯಸ್ ಎಂದಿದ್ದರೆ ಹೆಚ್ಚಾಗಿ ಜೀವನಾಂಶದ್ದು. ಮೊದಲ ವಾಯಿದೆಗೆ ಹಾಜರಾಗಿ, ವಕೀಲರನ್ನು ನೇಮಿಸಿ ತಕರಾರು ಸಲ್ಲಿಸಲು ಸಮಯ ಕೇಳಿದರೆ ಸಾಕು. ಕೇಸು ದೂರದ ಊರಿನಲ್ಲಿದ್ದರೆ ವರ್ಗಾವಣೆ ಕೇಳಬಹುದು: ರಾಜ್ಯದೊಳಗಾದರೆ ಹೈಕೋರ್ಟಿನಲ್ಲಿ, ಬೇರೆ ರಾಜ್ಯದಿಂದಾದರೆ ಸುಪ್ರೀಂ ಕೋರ್ಟಿನಲ್ಲಿ.

ವಾಟ್ಸ್ಆ್ಯಪ್ ಸಂದೇಶ, ಕರೆ ರೆಕಾರ್ಡಿಂಗ್ ನಡೆಯುತ್ತದೆಯೇ?

ನಡೆಯುತ್ತದೆ. ಗಂಡಹೆಂಡತಿಯ ನಡುವಿನ ಗುಟ್ಟಾಗಿ ಮಾಡಿದ ರೆಕಾರ್ಡಿಂಗನ್ನೂ ವಿಚ್ಛೇದನದ ಕೇಸಿನಲ್ಲಿ ಸಾಕ್ಷ್ಯವಾಗಿ ನೋಡಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಸ್ಕ್ರೀನ್‌ಶಾಟ್ ಮುದ್ರಿಸಿ ಕೊಟ್ಟರೆ ಮುಗಿಯಲಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ ಜೊತೆಗಿರಬೇಕು. ಅದರ ಒಂದು ಭಾಗಕ್ಕೆ ನಿಮ್ಮ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಅಸಲು ಫೋನನ್ನು ಮಾರಬೇಡಿ, ರಿಪೇರಿಗೆ ಕೊಟ್ಟು ಅಳಿಸಿಹಾಕಬೇಡಿ.

ಸಂಗಾತಿಯ ಫೋನಿಗೆ ಕದ್ದು ನೋಡುವ ಆ್ಯಪ್ ಹಾಕುವುದು ಬೇರೆ ಮಾತು, ಅದು ನಿಮ್ಮ ಮೇಲೆಯೇ ಕ್ರಿಮಿನಲ್ ಕೇಸು ತರಬಹುದು.

ನೋಟರಿ ಮುಂದೆ ಛಾಪಾಕಾಗದದಲ್ಲಿ ಬರೆದುಕೊಂಡ ವಿಚ್ಛೇದನ ನಡೆಯುತ್ತದೆಯೇ?

ಇಲ್ಲ. ಹಿಂದೂ ವಿವಾಹ ಕೋರ್ಟಿನ ಡಿಕ್ರಿಯಿಂದಲೇ ಮುರಿಯಬೇಕು. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನವನ್ನು ಕಾಯ್ದೆ ಉಳಿಸಿದೆ, ಆದರೆ ಆ ರೂಢಿ ಇದೆ ಎಂದು ಸಾಬೀತುಪಡಿಸುವ ಹೊಣೆ ನಿಮ್ಮದು. ಛಾಪಾಕಾಗದ ನಂಬಿ ಇನ್ನೊಂದು ಮದುವೆಯಾದರೆ ಎರಡನೆಯದು ಅಸಿಂಧು, ದ್ವಿಪತ್ನಿತ್ವದ ಕೇಸೂ ಬೀಳಬಹುದು.

ಕೇಸು ಎಲ್ಲಿಗೆ ಬಂತೆಂದು ವಕೀಲರು ಹೇಳುತ್ತಿಲ್ಲ. ಬದಲಿಸಬಹುದೇ?

ಮೊದಲು ನೀವೇ ನೋಡಿಕೊಳ್ಳಿ. ಪ್ರತಿ ಕೇಸಿಗೂ 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ನಂಬರು ಇರುತ್ತದೆ, ಅದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ವಾಯಿದೆ ಮತ್ತು ಹಿಂದಿನ ದಿನ ಆದದ್ದು ಕಾಣುತ್ತದೆ. "ಅರ್ಜಿದಾರರು ಗೈರು" ಎಂದು ಎರಡು ಮೂರು ಬಾರಿ ಕಂಡರೆ ಮರುದಿನವೇ ವಕೀಲರನ್ನು ಭೇಟಿಯಾಗಿ. ಅರ್ಜಿ ವಜಾ ಆಗುವ ದಾರಿ ಅದು.

ಬದಲಿಸಲು ಹೊಸ ವಕೀಲರ ವಕಾಲತ್ತಿಗೆ (ವಕೀಲರನ್ನು ನೇಮಿಸುವ ಪತ್ರಕ್ಕೆ) ಹಳೆಯವರ ಆಕ್ಷೇಪಣೆ ಇಲ್ಲ ಎಂಬ ಸಹಿ ಬೇಕು. ಅವರು ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಬಹುದು. ಶುಲ್ಕ ಬಾಕಿ ಎಂದು ಫೈಲನ್ನು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲ, 2000ದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ನಡತೆಗೆಟ್ಟಿದ್ದರೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ವಕೀಲರ ಕಾಯ್ದೆಯ 35ನೇ ಕಲಂ ಅಡಿ ದೂರು ಕೊಡಬಹುದು. ಆದರೆ ಸಾಕ್ಷ್ಯದ ನಡುವೆ ಬದಲಿಸಿದರೆ ಹೊಸಬರು ಫೈಲು ಓದಲು ಸಮಯ ಕೇಳುತ್ತಾರೆ. ಆದಷ್ಟೂ ಸಾಕ್ಷ್ಯ ಶುರುವಾಗುವ ಮೊದಲೇ ತೀರ್ಮಾನಿಸಿ.

ಡಿಕ್ರಿ ಬಂತು. ಇನ್ನು ವಕೀಲರ ಕೆಲಸ ಮುಗಿಯಿತೇ?

ಇನ್ನೂ ಸ್ವಲ್ಪ ಇದೆ. ಹಿಂದೂ ವಿವಾಹ ಕಾಯ್ದೆಯ 23ನೇ ಕಲಂ ಪ್ರಕಾರ ವಿಚ್ಛೇದನದ ಡಿಕ್ರಿಯ ಒಂದು ಪ್ರತಿಯನ್ನು ಕೋರ್ಟು ಇಬ್ಬರಿಗೂ ಉಚಿತವಾಗಿ ಕೊಡಬೇಕು. ಮೇಲಿಂದ ಎರಡು ಮೂರು ದೃಢೀಕೃತ ನಕಲು ತೆಗೆಸಿಕೊಳ್ಳಿ, ಪಾಸ್‌ಪೋರ್ಟ್, ಬ್ಯಾಂಕ್, ನಾಮನಿರ್ದೇಶನ ಬದಲಾವಣೆಗೆ ಬೇಕಾಗುತ್ತದೆ. ಮೇಲ್ಮನವಿಗೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 30 ದಿನ ಎನ್ನುತ್ತದೆ, ಹಿಂದೂ ವಿವಾಹ ಕಾಯ್ದೆ 90 ದಿನ ಎನ್ನುತ್ತದೆ. ಮೇಲ್ಮನವಿ ಹಾಕುವವರು 30ರೊಳಗೆ ಹಾಕಿ. ಮರುಮದುವೆಯ ಯೋಚನೆಯಲ್ಲಿರುವವರು 90 ದಿನ ಕಳೆದ ಮೇಲೆ, ಎದುರು ಪಕ್ಷದ ಮೇಲ್ಮನವಿ ಇಲ್ಲವೆಂದು ಹೈಕೋರ್ಟಿನ ದಾಖಲೆಯಲ್ಲಿ ವಕೀಲರಿಂದ ನೋಡಿಸಿಕೊಂಡು, ದಿನ ಗೊತ್ತುಮಾಡಿ.